ಮನೆಯ ಸೋಲಾರ್‌ಗೆ ಹಳೆಯ ಆಟೋ ಬ್ಯಾಟರಿಯೋ, ಕಾರಿನದೋ?

ತುಮಕೂರಿನ ಹೊರವಲಯದ ನಮ್ಮ ಮನೆಯಲ್ಲಿ ಐದು ವರ್ಷ ದುಡಿದದ್ದು 150 ಆಂಪಿಯರ್-ಅವರ್‌ನ ನಾಲ್ಕು ಟ್ಯೂಬುಲರ್ (ಸೀಸ-ಆಮ್ಲದ) ಬ್ಯಾಟರಿಗಳು. ಲೆಕ್ಕಕ್ಕೆ ಅವು 7.2 ಯೂನಿಟ್ ಹಿಡಿಯುತ್ತವೆ. ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಆಯುಷ್ಯ ಕುಗ್ಗುವುದರಿಂದ ಬಳಕೆಗೆ ಸಿಗುತ್ತಿದ್ದುದು 3.6 ಮಾತ್ರ. ಡಿಸ್ಟಿಲ್ಡ್ ವಾಟರ್ ತುಂಬುವ ಕೆಲಸವಂತೂ ತಪ್ಪುತ್ತಿರಲಿಲ್ಲ. ಅವು ಸೊರಗಿದ ಮೇಲೆ ಹಳೆಯ ವಿದ್ಯುತ್ ವಾಹನಗಳ ಎರಡು ಬಗೆಯ ಬ್ಯಾಟರಿಗಳನ್ನು ಪ್ರಯತ್ನಿಸಿದೆ.

ಮೊದಲನೆಯದು ಸರಕು ಆಟೋದಿಂದ ಕಳಚಿದ, 100 ಆಂಪಿಯರ್-ಅವರ್‌ನ 16 ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳು. ಮಲ್ಟಿಮೀಟರ್ ಹಿಡಿದಾಗ ಎಲ್ಲವೂ 3.3 ವೋಲ್ಟ್ ಆಸುಪಾಸು ತೋರಿಸಿದ್ದರಿಂದ ಹಿಗ್ಗಿ ಜೋಡಿಸಿಬಿಟ್ಟೆ. ಆ ರಾತ್ರಿ ಎರಡು ಫ್ಯಾನ್ ಓಡುತ್ತಿರುವಾಗಲೇ, ಇನ್ನೂ ಸಾಕಷ್ಟು ಚಾರ್ಜ್ ಇದೆ ಎಂದುಕೊಂಡಿದ್ದ ಹೊತ್ತಿನಲ್ಲಿ, ಬಿಎಂಎಸ್ (ಸೆಲ್‌ಗಳನ್ನು ಕಾಯುವ ನಿಯಂತ್ರಣ ಸರ್ಕ್ಯೂಟ್) ಸಂಪರ್ಕ ಕಡಿಯಿತು. ಒಂದೊಂದು ಸೆಲ್ಲನ್ನೂ ಪೂರ್ತಿ ತುಂಬಿಸಿ ಖಾಲಿ ಮಾಡಿ ಅಳೆದಾಗ ಹದಿನೈದು 78 ಆಂಪಿಯರ್-ಅವರ್‌ನ ಸುತ್ತ ನಿಂತವು, ಒಂದು ಮಾತ್ರ 61ಕ್ಕೇ ಸೋತಿತು. ಈ ಜಾತಿಯ ಸೆಲ್ ಬಹುಪಾಲು ಒಂದೇ ವೋಲ್ಟೇಜಿನಲ್ಲಿ ನಡೆಯುವುದರಿಂದ ಮೀಟರ್ ನೋಡಿ ದೌರ್ಬಲ್ಯ ಹಿಡಿಯಲಾಗದು. ಸರಣಿಯಲ್ಲಿ ಕಟ್ಟಿದಾಗಲೋ ಅತಿ ದುರ್ಬಲವಾದದ್ದೇ ಎಲ್ಲವನ್ನೂ ನಿಲ್ಲಿಸುತ್ತದೆ. ಅದೊಂದನ್ನು ಬದಲಿಸಿದ ಮೇಲೆ ಸುಮಾರು ನಾಲ್ಕು ಯೂನಿಟ್ ಸಿಕ್ಕಿತು. ಇನ್ನೊಂದು ಎಚ್ಚರ: ಸೀಸದ ಬ್ಯಾಟರಿಗೆಂದು ಇನ್ವರ್ಟರ್‌ನಲ್ಲಿರುವ ಈಕ್ವಲೈಸೇಶನ್ ಚಾರ್ಜ್ (ಸೆಲ್‌ಗಳನ್ನು ಸಮಗೊಳಿಸಲು ಆಗಾಗ ಕೊಡುವ ಹೆಚ್ಚುವರಿ ಚಾರ್ಜ್) ವೋಲ್ಟೇಜನ್ನು 62ರವರೆಗೂ ಏರಿಸಬಲ್ಲದು, ಈ 16 ಸೆಲ್‌ಗಳ ಮಿತಿ 58.4. ಅದನ್ನು ಆಫ್ ಮಾಡಲೇಬೇಕು.

ಎರಡನೆಯದು ಕಾರಿನಿಂದ ಬಂದ ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಮಾಡ್ಯೂಲ್‌ಗಳು, 14 ಸೆಲ್‌ಗಳ ಸರಣಿ. ತೂಕಕ್ಕೆ ಹೋಲಿಸಿದರೆ ಶಕ್ತಿ ಹೆಚ್ಚು, ಚಾರ್ಜ್ ಇಳಿದಂತೆ ವೋಲ್ಟೇಜೂ ಇಳಿಯುವುದರಿಂದ ಎಷ್ಟು ಉಳಿದಿದೆ ಎಂಬ ಅಂದಾಜೂ ಸುಲಭ. ಆದರೆ ಮೆಟ್ಟಿಲ ಕೆಳಗೆ ಕೂರುವ ಪೆಟ್ಟಿಗೆಯ ತೂಕದ ಚಿಂತೆ ಯಾರಿಗೆ? ಕೆಟ್ಟರೆ ಇದು ಫಾಸ್ಫೇಟ್ ಸೆಲ್‌ಗಿಂತ ಕಡಿಮೆ ಬಿಸಿಯಲ್ಲೇ ಹತೋಟಿ ತಪ್ಪಿ ಹೆಚ್ಚು ಉಗ್ರವಾಗಿ ಉರಿಯುತ್ತದೆ. ಪ್ರತಿ ಸೆಲ್ಲಿಗೆ 4.2 ವೋಲ್ಟ್ ಬದಲು 4.1ಕ್ಕೇ ಚಾರ್ಜ್ ನಿಲ್ಲಿಸಿದರೂ ಮನೆಯೊಳಗಿಡಲು ಧೈರ್ಯ ಬರಲಿಲ್ಲ.

ಸೀಸದ ಪರವಾಗಿ ಒಂದು ಮಾತು ಹೇಳಲೇಬೇಕು: ಹಳೆಯದನ್ನು ಅಂಗಡಿಯವರು ಎಕ್ಸ್‌ಚೇಂಜ್‌ಗೆ ಕೂಡಲೇ ತೆಗೆದುಕೊಂಡರು. ವಾಹನದ ಬ್ಯಾಟರಿಗಳ ಮರುಸಂಗ್ರಹದ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹಾಕಿದ್ದರೂ, ಆ 61ರ ಸೆಲ್ಲನ್ನು ನಾನು ವಿಚಾರಿಸಿದ ಗುಜರಿಯವರು ಯಾರೂ ಮುಟ್ಟಲಿಲ್ಲ. ಅದು ಈಗಲೂ ಕಪಾಟಿನಲ್ಲಿದೆ. ಕಾರಿನ ಮಾಡ್ಯೂಲ್‌ಗಳು ಹಿತ್ತಿಲ ಶೆಡ್‌ನಲ್ಲಿ ದೀಪ ಉರಿಸುತ್ತಿವೆ, ಮನೆ ನಡೆಯುತ್ತಿರುವುದು ಆಟೋದ ಸೆಲ್‌ಗಳಿಂದ.