ಸ್ಟೆಮ್‌ಸ್ಪ್ಯಾನ್ ಎರಿಥ್ರಾಯ್ಡ್ ಸಪ್ಲಿಮೆಂಟ್: ಹದಿನಾಲ್ಕನೇ ದಿನದವರೆಗೆ ಬಾಟಲಿ, ಆಮೇಲೆ ಸ್ವಂತ ಪಾಕ

ಕಾಂಡಕೋಶದಿಂದ ಕೆಂಪು ರಕ್ತಕಣ ಬೆಳೆಸುವ ಕೆಲಸಕ್ಕೆಂದು ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯಿಂದ ಪುಣೆಯ ಲ್ಯಾಬ್‌ಗಳಿಗೆ ಬರುವವರು ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆ ಒಂದೇ: ಸಿದ್ಧ ಮೀಡಿಯಂ (ಕೋಶ ಬೆಳೆಯುವ ಪೋಷಕ ದ್ರವ) ತರಿಸೋಣವೋ, ನಾವೇ ಕಲಸಿಕೊಳ್ಳೋಣವೋ? ಇಲ್ಲಿ ಪರಿಶೀಲಿಸಿರುವುದು ಕೆನಡಾದ ವ್ಯಾಂಕೂವರ್‌ನ ಸ್ಟೆಮ್‌ಸೆಲ್ ಟೆಕ್ನಾಲಜೀಸ್ ಕಂಪನಿಯ ಸ್ಟೆಮ್‌ಸ್ಪ್ಯಾನ್ ಎಸ್‌ಎಫ್‌ಇಎಂ-2 ಎಂಬ ಸೀರಂ ಇಲ್ಲದ ಮೀಡಿಯಂ, ಮತ್ತು ಅದಕ್ಕೆ ಬೆರೆಸುವ ನೂರು ಪಟ್ಟು ಸಾಂದ್ರತೆಯ ಎರಿಥ್ರಾಯ್ಡ್ ಎಕ್ಸ್‌ಪ್ಯಾನ್ಷನ್ ಸಪ್ಲಿಮೆಂಟ್. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಮೊದಲ ಹದಿನಾಲ್ಕು ದಿನಕ್ಕೆ ಇದು ಒಳ್ಳೆಯ ಸರಕು. ನ್ಯೂಕ್ಲಿಯಸ್ ಕಳಚಿಕೊಂಡ ನಿಜವಾದ ಕೆಂಪುಕಣ ಬೇಕೆಂದರೆ ಇದೊಂದೇ ಸಾಲದು.

ಸಪ್ಲಿಮೆಂಟ್‌ನಲ್ಲಿರುವುದು ಮೂರು ಸೈಟೋಕೈನ್, ಅಂದರೆ ಕೋಶಗಳಿಗೆ ಸಂದೇಶ ಕೊಡುವ ಪ್ರೋಟೀನ್: ಎಸ್‌ಸಿಎಫ್ (ಸ್ಟೆಮ್ ಸೆಲ್ ಫ್ಯಾಕ್ಟರ್), ಐಎಲ್-3 (ಇಂಟರ್‌ಲ್ಯೂಕಿನ್-3), ಮತ್ತು ಕೆಂಪುಕಣ ಬೆಳೆಸುವ ಹಾರ್ಮೋನ್ ಎರಿಥ್ರೋಪೊಯೆಟಿನ್. ಒಂದು ಮಿಲಿಲೀಟರ್ ಮೀಡಿಯಂಗೆ 10 ಮೈಕ್ರೋಲೀಟರ್ ಹಾಕಿದರೆ ಆಯಿತು. ಅಲ್ಬುಮಿನ್, ಇನ್ಸುಲಿನ್, ಟ್ರಾನ್ಸ್‌ಫೆರಿನ್ ಮೀಡಿಯಂನಲ್ಲೇ ಇವೆ. ಮೂರು ಬೇರೆ ಬೇರೆ ಪುಡಿ ಕರಗಿಸಿ, ನ್ಯಾನೋಗ್ರಾಂ ಲೆಕ್ಕ ಹಾಕಿ, ಒಂದು ಸೊನ್ನೆ ತಪ್ಪಿ ಇಡೀ ವಾರ ಹಾಳಾಗುವ ಅಪಾಯ ಇಲ್ಲಿಲ್ಲ. ಹೊಸಬರ ಕೈಗೆ ಇದನ್ನು ಕೊಡಬಹುದೆನ್ನಲು ಈ ಒಂದು ಕಾರಣವೇ ಸಾಕು. ಆದರೆ ಎಸ್‌ಸಿಎಫ್ ಪ್ರಮಾಣ ಅರ್ಧ ಮಾಡಿದರೆ ಏನಾಗುತ್ತದೆ ಎಂಬಂಥ ಪ್ರಶ್ನೆ ನಿಮ್ಮದಾಗಿದ್ದರೆ ಇದನ್ನು ಮುಟ್ಟಬೇಡಿ. ಮೂರೂ ಒಂದೇ ಸೀಸೆಯಲ್ಲಿ ಬೆರೆತಿವೆ, ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸಲಾಗದು.

ಮೀಡಿಯಂಗಿಂತ ಮೊದಲು ಕೋಶದ ಮಾತು. ಹೊಕ್ಕುಳಬಳ್ಳಿಯ ರಕ್ತವಾದರೆ ಸಂಗ್ರಹಿಸಿದ 24 ಗಂಟೆಯೊಳಗೆ ಕೆಲಸ ಶುರುವಾಗಬೇಕು. 1.077 ಸಾಂದ್ರತೆಯ ಫೈಕಾಲ್ (ರಕ್ತಕಣಗಳನ್ನು ಪದರಗಳಾಗಿ ಬೇರ್ಪಡಿಸುವ ದ್ರವ) ಮೇಲೆ ನಿಧಾನವಾಗಿ ಹರಿಸಿ, 400 ಜಿ ಬಲದಲ್ಲಿ (ಗುರುತ್ವದ 400 ಪಟ್ಟು) 30 ನಿಮಿಷ, ಕೋಣೆಯ ತಾಪದಲ್ಲಿ, ಸೆಂಟ್ರಿಫ್ಯೂಜ್ ಬ್ರೇಕ್ ಪೂರ್ತಿ ಬಂದ್. ಬ್ರೇಕ್ ಹಾಕಿದರೆ ಪದರ ಕದಡುತ್ತದೆ. ಆಮೇಲೆ ಮ್ಯಾಗ್ನೆಟ್ ಕಾಲಂನಿಂದ ಸಿಡಿ34 ಕೋಶ (ಸಿಡಿ34 ಎಂಬ ಗುರುತಿನ ಪ್ರೋಟೀನ್ ಹೊತ್ತ ರಕ್ತದ ಕಾಂಡಕೋಶ) ಬೇರ್ಪಡಿಸಬೇಕು. ಏಕಕೇಂದ್ರಕ ಕೋಶಗಳಲ್ಲಿ ಇವುಗಳ ಪಾಲು ಶೇಕಡಾ ಒಂದರ ಆಸುಪಾಸು, ಹಲವು ಸಲ ಅದಕ್ಕೂ ಕಡಿಮೆ. ಹಾಗಾಗಿ ಒಂದೇ ಕಾಲಂಗೆ ತೃಪ್ತರಾಗದೆ ಎರಡನೇ ಕಾಲಂನಲ್ಲೂ ಹಾಯಿಸಿ, ಶುದ್ಧತೆ ಶೇಕಡಾ 90 ದಾಟಿದೆಯೇ ಎಂದು, ಕೋಶಗಳ ಗುರುತು ಅಳೆಯುವ ಫ್ಲೋ ಸೈಟೋಮೀಟರಿನಲ್ಲಿ ನೋಡಿಯೇ ಮುಂದುವರಿಯಿರಿ. ಏಳನೇ ದಿನ ಪ್ಲೇಟಿನ ತಳಕ್ಕೆ ಅಂಟಿಕೊಂಡ ದೊಡ್ಡ ಕೋಶಗಳು ಕಂಡರೆ ತಪ್ಪು ಸಾಮಾನ್ಯವಾಗಿ ಬಾಟಲಿಯದ್ದಲ್ಲ. ಕಾಲಂನಲ್ಲಿ ಜಾರಿ ಬಂದ ಮಾನೊಸೈಟ್‌ಗಳು ಅವು.

ಹಿಮೋಗ್ಲೋಬಿನ್ ನಿಮ್ಮ ವಿಷಯವಾಗಿದ್ದರೆ ಇನ್ನೊಂದು ಎಚ್ಚರ. ಹೊಕ್ಕುಳಬಳ್ಳಿಯ ಕೋಶಗಳು ಹೆಚ್ಚಾಗಿ ಭ್ರೂಣದ ಹಿಮೋಗ್ಲೋಬಿನ್ ತಯಾರಿಸುತ್ತವೆ. ಥಲಸ್ಸೀಮಿಯಾ, ಕುಡುಗೋಲು ಕಣ ರೋಗ, ಬಿಸಿಎಲ್11ಎ ಜೀನ್ ಮೇಲಿನ ಕೆಲಸವಾದರೆ ವಯಸ್ಕರ ರಕ್ತದ ಅಥವಾ ಅಸ್ಥಿಮಜ್ಜೆಯ ಸಿಡಿ34 ಕೋಶಗಳನ್ನೇ ಹುಡುಕಿ. ಭ್ರೂಣದ ಹಿಮೋಗ್ಲೋಬಿನ್ನನ್ನು ವಯಸ್ಕರಲ್ಲಿ ಅದುಮಿಡುವುದು ಬಿಸಿಎಲ್11ಎ. ಆ ಜೀನ್‌ನ ಎನ್‌ಹ್ಯಾನ್ಸರ್ (ಜೀನ್ ಚಟುವಟಿಕೆ ಹೆಚ್ಚಿಸುವ) ಭಾಗವನ್ನು ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ಕತ್ತರಿಸುವ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಒಪ್ಪಿಗೆ ಸಿಕ್ಕಿತು. ಅಂಥ ಪ್ರಶ್ನೆಯನ್ನು ಹೊಕ್ಕುಳಬಳ್ಳಿಯ ಕೋಶದಲ್ಲಿ ಕೇಳಿದರೆ ಉತ್ತರ ಮೊದಲೇ ವಾಲಿಕೊಂಡಿರುತ್ತದೆ. ರಕ್ತ ಎಲ್ಲಿಂದ ತಂದರೂ ನೀತಿ ಸಮಿತಿ ಮತ್ತು 2017ರ ರಾಷ್ಟ್ರೀಯ ಮಾರ್ಗಸೂಚಿ ಹೇಳುವ ಸಂಸ್ಥಾ ಕಾಂಡಕೋಶ ಸಮಿತಿ, ಎರಡರ ಒಪ್ಪಿಗೆಯೂ ಕೈಯಲ್ಲಿರಲಿ.

ಇನ್ನು ಬಳಕೆ. ಸೊನ್ನೆಯ ದಿನ ಮಿಲಿಲೀಟರಿಗೆ 10,000 ಕೋಶದಂತೆ ಹಾಕಿ, 37 ಡಿಗ್ರಿ, ಶೇಕಡಾ 5 ಕಾರ್ಬನ್ ಡೈಆಕ್ಸೈಡ್. ಮೊದಲ ಮೂರು ದಿನ ಏನೂ ಆಗುತ್ತಿಲ್ಲವೆಂದು ಕಂಡೀತು. ಪ್ಲೇಟನ್ನು ಗಂಟೆಗೊಮ್ಮೆ ಹೊರತೆಗೆದು ನೋಡಬೇಡಿ. ನಾಲ್ಕನೇ ದಿನದಿಂದ ಎಣಿಸಲು ಶುರುಮಾಡಿ. 5 ಲಕ್ಷ ದಾಟಿದ ಕೂಡಲೇ ತಾಜಾ ಮೀಡಿಯಂ ಬೆರೆಸಿ 1 ಲಕ್ಷಕ್ಕೆ ಇಳಿಸಿ. ಮಡಿಯಲ್ಲಿ ಸಸಿ ಒತ್ತಾದರೆ ಸೊರಗುವ ಹಾಗೆ ಇಲ್ಲೂ ದಟ್ಟಣೆ ಹೆಚ್ಚಾದರೆ ಬೆಳವಣಿಗೆ ನಿಲ್ಲುತ್ತದೆ, ಮೀಡಿಯಂ ಹಳದಿಗೆ ತಿರುಗುತ್ತದೆ. ಶನಿವಾರ ಎಣಿಸದೆ ಬಿಟ್ಟು ಸೋಮವಾರ ಬಂದು ಮೀಡಿಯಂ ಸರಿಯಿಲ್ಲ ಎನ್ನುವವರ ದೂರು ಬಹುತೇಕ ಈ ದಟ್ಟಣೆಯದ್ದೇ.

ಹಂತಗಳನ್ನು ಬಣ್ಣ ನೋಡಿ ಊಹಿಸಬಾರದು. ಕೋಶದ ಮೇಲ್ಮೈಯ ಗುರುತಿನ ಪ್ರೋಟೀನ್‌ಗಳನ್ನು ಅಳೆಯಬೇಕು: ಮೊದಲು ಸಿಡಿ34 ಇಳಿಯುತ್ತದೆ, ಸಿಡಿ36 ಏರುತ್ತದೆ, ಸಿಡಿ71 ಜೋರಾಗುತ್ತದೆ. ಗ್ಲೈಕೋಫೋರಿನ್-ಎ ಆಮೇಲೆ. ಸಿಡಿ71 ಮತ್ತು ಗ್ಲೈಕೋಫೋರಿನ್ ಎರಡೂ ಇದ್ದ ಮಾತ್ರಕ್ಕೆ ಕೋಶ ಯಾವ ಹಂತದಲ್ಲಿದೆ ಎಂದು ತಿಳಿಯದು. ಪ್ರೊಎರಿಥ್ರೋಬ್ಲಾಸ್ಟ್ ಎಂಬ ಎಳೆಯ ಹಂತದಿಂದ, ನ್ಯೂಕ್ಲಿಯಸ್ ಕಳಚುವ ಮುಂಚಿನ ಆರ್ಥೋಕ್ರೊಮ್ಯಾಟಿಕ್ ಹಂತದವರೆಗಿನ ಮೆಟ್ಟಿಲು ಬಿಡಿಸಿ ತೋರಿಸುವ ಜೋಡಿ ಬ್ಯಾಂಡ್-3 ಮತ್ತು ಆಲ್ಫಾ-4 ಇಂಟೆಗ್ರಿನ್: ಮೊದಲನೆಯದು ಏರುತ್ತ ಹೋಗುತ್ತದೆ, ಎರಡನೆಯದು ಇಳಿಯುತ್ತ ಹೋಗುತ್ತದೆ. ಜೊತೆಗೆ ಎರಡು ದಿನಕ್ಕೊಮ್ಮೆ ಒಂದು ಸೈಟೋಸ್ಪಿನ್ ಸ್ಲೈಡ್ (ಕೋಶಗಳನ್ನು ತಿರುಗಿಸಿ ಗಾಜಿಗೆ ಅಂಟಿಸಿದ್ದು), ಗೀಮ್ಸಾ ಬಣ್ಣ. ಕಡುನೀಲಿ ಸೈಟೋಪ್ಲಾಸಂ ಬೂದುಬಣ್ಣಕ್ಕೆ, ಆಮೇಲೆ ಗುಲಾಬಿಗೆ ತಿರುಗುವುದನ್ನು ಕಣ್ಣಾರೆ ಕಂಡವರಿಗೆ ಫ್ಲೋ ಚಿತ್ರದ ಅರ್ಥ ತಾನಾಗಿ ಹತ್ತುತ್ತದೆ.

ಈ ಲೆಕ್ಕದಲ್ಲಿ ಹದಿನಾಲ್ಕನೇ ದಿನ ಬಾಟಲಿ ಕೊಡುವುದು ಎರಿಥ್ರೋಬ್ಲಾಸ್ಟ್‌ಗಳು, ಅಂದರೆ ನ್ಯೂಕ್ಲಿಯಸ್ ಇನ್ನೂ ಇರುವ ಎಳೆಯ ಕೆಂಪುಕಣಗಳು: ಹೆಚ್ಚು ಸಂಖ್ಯೆ, ಒಂದೇ ಹದ, ಆರ್‌ಎನ್‌ಎ ತೆಗೆಯಲು, ಜೀನ್ ತಿದ್ದಲು, ವೆಸ್ಟರ್ನ್ ಬ್ಲಾಟ್ ಮಾಡಲು ಬೇಕಾದಷ್ಟು. ಹೆಸರಿನಲ್ಲೇ ಇರುವಂತೆ ಇದು ವಿಸ್ತರಣೆಗೆ ಮಾಡಿದ ಪಾಕ. ಎಸ್‌ಸಿಎಫ್ ಇರುವವರೆಗೂ ಕೋಶಕ್ಕೆ ವಿಭಜನೆಯ ಸಂದೇಶ ಹೋಗುತ್ತಲೇ ಇರುತ್ತದೆ, ಮಾಗುವ ಕೆಲಸ ಹಿಂದೆ ಬೀಳುತ್ತದೆ. ಅದೇ ಸಪ್ಲಿಮೆಂಟ್‌ನಲ್ಲಿ 21ನೇ ದಿನದವರೆಗೂ ಎಳೆದು ನ್ಯೂಕ್ಲಿಯಸ್ ಹೊರಹೋಗಲಿಲ್ಲ ಎಂದು ಕೊರಗುವುದು ತರವಲ್ಲ.

ಇಲ್ಲಿಂದ ಮುಂದೆ ಸ್ವಂತ ಪಾಕ ಬೇಕು. 2011ರಲ್ಲಿ ಪ್ಯಾರಿಸ್ಸಿನ ತಂಡವೊಂದು ದಾನಿಯ ಕಾಂಡಕೋಶದಿಂದ ಬೆಳೆಸಿದ ಸುಮಾರು 1,000 ಕೋಟಿ ಕೆಂಪುಕಣಗಳನ್ನು ಅದೇ ದಾನಿಗೆ ಮರಳಿ ಕೊಟ್ಟಿತು. ಅವರ ಮೂರು ಹಂತದ ವಿಧಾನವೇ ಇಂದಿಗೂ ಒಳ್ಳೆಯ ಆಧಾರ: ಐಎಂಡಿಎಂ ಎಂಬ ಮೂಲ ಮೀಡಿಯಂಗೆ ಶೇಕಡಾ 5 ಮಾನವ ಪ್ಲಾಸ್ಮಾ, ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಇನ್ಸುಲಿನ್, 330 ಮೈಕ್ರೋಗ್ರಾಂ ಹೋಲೊ-ಟ್ರಾನ್ಸ್‌ಫೆರಿನ್, 2 ಯೂನಿಟ್ ಹೆಪಾರಿನ್. ಮೊದಲ ವಾರ ಎಸ್‌ಸಿಎಫ್, ಐಎಲ್-3, ಎರಿಥ್ರೋಪೊಯೆಟಿನ್, ಹೈಡ್ರೋಕಾರ್ಟಿಸೋನ್. ಎರಡನೇ ಹಂತದಲ್ಲಿ ಎಸ್‌ಸಿಎಫ್, ಎರಿಥ್ರೋಪೊಯೆಟಿನ್. ಕೊನೆಗೆ 3 ಯೂನಿಟ್ ಎರಿಥ್ರೋಪೊಯೆಟಿನ್ ಮಾತ್ರ. ಮೊದಲ ಎರಡು ಹಂತದ ಜಾಗಕ್ಕೆ ಬಾಟಲಿ, ಕೊನೆಯದಕ್ಕೆ ಈ ಪಾಕ. ಬದಲಾಯಿಸುವ ದಿನವನ್ನು ಸ್ಲೈಡ್ ನೋಡಿ ನಿರ್ಧರಿಸಿ. ಬೇಸೋಫಿಲಿಕ್ (ಕಡುನೀಲಿ), ಪಾಲಿಕ್ರೊಮ್ಯಾಟಿಕ್ (ಬೂದುಬಣ್ಣ) ಹಂತದವು ಹೆಚ್ಚಿದ್ದಾಗ ಸರಿ. ಹತ್ತನೇ ದಿನವೇ ಹಾಗಾದರೆ ಹದಿನಾಲ್ಕಕ್ಕೆ ಕಾಯಬೇಕಿಲ್ಲ.

ಈ ಹಂತದಲ್ಲಿ ಮೂರು ಕಡೆ ಎಡವುತ್ತಾರೆ. ಮೊದಲನೆಯದು ಹೆಪಾರಿನ್. ಪ್ಲಾಸ್ಮಾದಲ್ಲಿ ಫೈಬ್ರಿನೋಜನ್ ಇದೆ, ಐಎಂಡಿಎಂನಲ್ಲಿ ಕ್ಯಾಲ್ಸಿಯಂ ಇದೆ. ಹೆಪಾರಿನ್ ಮರೆತರೆ ಬೆಳಗಾಗುವಷ್ಟರಲ್ಲಿ ಫ್ಲಾಸ್ಕ್ ಗಟ್ಟಿ ಮೊಸರಿನಂತೆ ಹೆಪ್ಪುಗಟ್ಟಿ, ಕೋಶಗಳು ಅದರೊಳಗೆ ಸಿಕ್ಕಿಕೊಂಡಿರುತ್ತವೆ. ಪ್ಲಾಸ್ಮಾವನ್ನು ಹೆಪಾರಿನ್ ಹಾಕಿದ ಮೀಡಿಯಂಗೇ ಕೊನೆಯಲ್ಲಿ ಬೆರೆಸಬೇಕು. ಎರಡನೆಯದು ಟ್ರಾನ್ಸ್‌ಫೆರಿನ್: ಕಬ್ಬಿಣ ತುಂಬಿದ ಹೋಲೊ ಬದಲು ಕಬ್ಬಿಣವಿಲ್ಲದ ಅಪೋ ತರಿಸಿಬಿಟ್ಟರೆ ತಿರುಗಿಸಿದಾಗ ತಳದಲ್ಲಿ ಸೇರುವ ಕೋಶದ ಗುಳಿಗೆ ಕೆಂಪಾಗುವುದಿಲ್ಲ, ಮಾಸಲಾಗಿಯೇ ಉಳಿಯುತ್ತದೆ. ಆರ್ಡರ್ ಹಾಕುವಾಗ ಹೆಸರನ್ನು ಎರಡು ಸಲ ಓದಿ. ಮೂರನೆಯದು ಕೈಯ ಜೋರು. ಕೊನೆಯ ದಿನಗಳ ರೆಟಿಕ್ಯುಲೊಸೈಟ್‌ಗಳು (ನ್ಯೂಕ್ಲಿಯಸ್ ಕಳಚಿದ ಎಳೆಯ ಕೆಂಪುಕಣಗಳು) ನಾಜೂಕು. 300 ಜಿ ಮೀರದೆ ತಿರುಗಿಸಿ, ಅಗಲ ಬಾಯಿಯ ಪಿಪೆಟ್ಟಿನಿಂದ ಮೃದುವಾಗಿ ಕಲಕಿ. ನ್ಯೂಕ್ಲಿಯಸ್ ಕಳಚಿದವನ್ನು ಬೇರ್ಪಡಿಸಲು ರಕ್ತನಿಧಿಯವರು ಬಿಳಿಕಣ ತೆಗೆಯಲು ಬಳಸುವ ಫಿಲ್ಟರ್ ಸಾಕು. ನ್ಯೂಕ್ಲಿಯಸ್ ಇರುವವು ಅದರಲ್ಲಿ ನಿಲ್ಲುತ್ತವೆ, ರೆಟಿಕ್ಯುಲೊಸೈಟ್ ಹಾದುಹೋಗುತ್ತವೆ.

ಕೊನೆಯ ಹಂತಕ್ಕೆ ಬೇಕಾದ ಎರಿಥ್ರೋಪೊಯೆಟಿನ್ನನ್ನು ದುಬಾರಿ ಸಂಶೋಧನಾ ದರ್ಜೆಯದ್ದೇ ತರಿಸಬೇಕಿಲ್ಲ. ಕಿಡ್ನಿ ರೋಗಿಗಳಿಗೆ ಕೊಡುವ ಎಪೊಯೆಟಿನ್ ಆಲ್ಫಾ ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುತ್ತದೆ. ಸಂಸ್ಥೆಯ ಸ್ಟೋರ್ ಮೂಲಕ ತರಿಸಿಕೊಳ್ಳಿ. 4,000 ಯೂನಿಟ್‌ನ ಒಂದೇ ಸೀಸೆ, ಮಿಲಿಲೀಟರಿಗೆ 3 ಯೂನಿಟ್ ಲೆಕ್ಕದಲ್ಲಿ, 1,300 ಮಿಲಿಲೀಟರಿಗಿಂತ ಹೆಚ್ಚು ಮೀಡಿಯಂಗೆ ಬರುತ್ತದೆ. ಅದೇ ಬಗೆಯ ಡಾರ್ಬೆಪೊಯೆಟಿನ್ ಇಂಜೆಕ್ಷನ್ ಬೇಡ, ಅದರ ಅಳತೆ ಮೈಕ್ರೋಗ್ರಾಂನಲ್ಲಿ, ಲೆಕ್ಕ ಕೂಡುವುದಿಲ್ಲ. 1977ರಲ್ಲಿ ಈ ಹಾರ್ಮೋನನ್ನು ಮೊದಲು ಶುದ್ಧೀಕರಿಸಿದವರಿಗೆ ರಕ್ತಹೀನತೆಯ ರೋಗಿಗಳ 2,550 ಲೀಟರ್ ಮೂತ್ರ ಬೇಕಾಗಿತ್ತು. ಈಗ ಅದು ಫ್ರಿಜ್‌ನ ಬಾಗಿಲಲ್ಲಿ ಸಿಗುತ್ತದೆ ಎನ್ನುವುದನ್ನು ನೆನೆದರೆ ಕೃತಜ್ಞತೆ ಹುಟ್ಟುತ್ತದೆ.

ರಕ್ತದಾನಕ್ಕೆ ಬದಲಿ ಎಂಬ ಆಸೆ ಈ ಬಾಟಲಿಯ ಮೇಲೆ ಹೊರಿಸಬೇಡಿ. ಒಂದು ಚೀಲ ರಕ್ತದಲ್ಲಿ ಸುಮಾರು 2 ಲಕ್ಷ ಕೋಟಿ ಕೆಂಪುಕಣ. ನಮ್ಮ ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ತಯಾರಿಸುತ್ತದೆ. 2022ರಲ್ಲಿ ಬ್ರಿಟನ್ನಿನ ಪ್ರಯೋಗದಲ್ಲಿ ಸ್ವಯಂಸೇವಕರಿಗೆ ಕೊಟ್ಟ, ಲ್ಯಾಬ್‌ನಲ್ಲಿ ಬೆಳೆಸಿದ ಕೆಂಪುಕಣ 5ರಿಂದ 10 ಮಿಲಿಲೀಟರ್ ಅಷ್ಟೇ.

ಪುಣೆಗೆ ಬರುವ ದಾರಿಯೇ ಈ ಸರಕಿನ ದೊಡ್ಡ ತಲೆನೋವು. ಮೀಡಿಯಂ, ಸಪ್ಲಿಮೆಂಟ್ ಎರಡೂ ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಬರಬೇಕು. ಮುಂಬೈಯಲ್ಲಿ ಇಳಿದು ಎಕ್ಸ್‌ಪ್ರೆಸ್‌ವೇ ಹತ್ತಿ ಬರುವಷ್ಟರಲ್ಲಿ ಡ್ರೈ ಐಸ್ ಆವಿಯಾಗಿರಬಹುದು, ಏಪ್ರಿಲ್–ಮೇ ಬಿಸಿಲಲ್ಲಂತೂ ಹೇಳಬೇಕಿಲ್ಲ. ವಿತರಕರಿಗೆ ಸೋಮವಾರ ಅಥವಾ ಮಂಗಳವಾರವೇ ಮುಂಬೈ ಬಿಡುವಂತೆ ಬರೆದು ಕೊಡಿ. ಶುಕ್ರವಾರ ಸಂಜೆ ಗೇಟಿನಲ್ಲಿಟ್ಟು ಹೋದ ಪೆಟ್ಟಿಗೆ ಸೋಮವಾರಕ್ಕೆ ಉಪಯೋಗಕ್ಕಿಲ್ಲ. ಅನಂತ ಚತುರ್ದಶಿಯ ಆಸುಪಾಸಿನಲ್ಲಿ ಡೆಲಿವರಿ ಇಟ್ಟುಕೊಳ್ಳಲೇಬೇಡಿ, ಮೆರವಣಿಗೆಯ ದಿನ ನಗರದ ಮಧ್ಯಭಾಗ ದಾಟಿ ಗಾಡಿ ಬರುವುದಿಲ್ಲ. ಬಂದ ಪೆಟ್ಟಿಗೆಯನ್ನು ಸಹಿ ಹಾಕುವ ಮೊದಲೇ ತೆರೆದು, ಬಾಟಲಿ ಗಟ್ಟಿಯಾಗಿದೆಯೇ, ಡ್ರೈ ಐಸ್ ಉಳಿದಿದೆಯೇ ನೋಡಿ, ಫೋಟೋ ತೆಗೆದಿಡಿ. ಕರಗಿದ್ದರೆ ಅಲ್ಲೇ ವಾಪಸು ಕಳಿಸಿ. ಸಹಿ ಬಿದ್ದ ಮೇಲೆ ದೂರಿಗೆ ಕಿವಿಗೊಡುವವರಿಲ್ಲ.

ಒಳಗೆ ತಂದ ಮೇಲೆ 2–8 ಡಿಗ್ರಿ ಫ್ರಿಜ್‌ನಲ್ಲಿ ರಾತ್ರಿಯಿಡೀ ಕರಗಿಸಿ, 40 ಮಿಲಿಲೀಟರಿನಂತೆ 50ರ ಟ್ಯೂಬುಗಳಿಗೆ ಹಂಚಿ, ಹಿಗ್ಗಲು ಜಾಗ ಬಿಟ್ಟು ಮತ್ತೆ ಮೈನಸ್ 20ಕ್ಕೆ ಹಾಕಿ. ಸಪ್ಲಿಮೆಂಟ್‌ ಕೂಡ ಒಂದು ಪ್ರಯೋಗಕ್ಕೆ ಒಂದು ಸೀಸೆಯಂತೆ ಹಂಚಿಕೊಳ್ಳಿ, ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಸೈಟೋಕೈನ್ ಸೊರಗುತ್ತದೆ. ಪ್ರತಿ ಟ್ಯೂಬಿನ ಮೇಲೂ ಲಾಟ್ ಸಂಖ್ಯೆ, ಕರಗಿಸಿದ ತಾರೀಖು ಇರಲಿ. ಹೊಸ ಲಾಟ್ ಬಂದಾಗ ಹಳೆಯದರ ಒಂದು ಟ್ಯೂಬ್ ಉಳಿಸಿಕೊಂಡು, ಒಂದೇ ದಾನಿಯ ಕೋಶವನ್ನು ಎರಡರಲ್ಲೂ ಏಳು ದಿನ ಬೆಳೆಸಿ ಹೋಲಿಸಿದ ಮೇಲೆಯೇ ರೋಗಿಯ ಮಾದರಿಗೆ ಕೈ ಹಾಕಿ.