ನ್ಯೂಜಿಲೆಂಡ್‌ನಲ್ಲಿ ಪ್ರವಾಸಿಗರು ಕಾರು ಕೊಳ್ಳುವ ವ್ಯವಸ್ಥೆ: ನೋಂದಣಿಗೆ ಪೂರ್ಣ ಅಂಕ, ವಿಮೆಗೆ ಎಚ್ಚರಿಕೆ

ಹಳೇ ಕಾರನ್ನು ಹೆಸರಿಗೆ ಮಾಡಿಸಿಕೊಳ್ಳುವುದು ಇಲ್ಲಿ ನಿಜಕ್ಕೂ ಸಲೀಸು. ವಿದೇಶಿ ಲೈಸೆನ್ಸ್ ಇರುವವರು ಪಾಸ್‌ಪೋರ್ಟ್ ಸಮೇತ ಸಾರಿಗೆ ಸಂಸ್ಥೆಯ ಏಜೆಂಟ್ ಕೌಂಟರ್‌ಗೆ ಹೋಗಿ ಕೊಳ್ಳುವವರ ಹೆಸರು ದಾಖಲಿಸುವ 'ಎಂಆರ್13ಬಿ' ಫಾರಂ ತುಂಬಿದರಾಯಿತು. ಮಾರುವವರೂ ತಮ್ಮ ಕಡೆಯಿಂದ ಮಾಹಿತಿ ಕೊಡಬೇಕು. ನಮ್ಮ ಆರ್‌ಟಿಓ ಓಡಾಟ ಕಂಡವರಿಗೆ ಇದು ದೊಡ್ಡ ನೆಮ್ಮದಿ.

ದುಡ್ಡು ಕೊಡುವ ಮುಂಚೆ ಪಿಪಿಎಸ್‌ಆರ್ ಎಂಬ ಸರ್ಕಾರಿ ಅಡಮಾನ ದಾಖಲೆಯಲ್ಲಿ ಕಾರಿನ ಮೇಲೆ ಸಾಲವಿದೆಯೇ ನೋಡಿ. ಇದ್ದರೆ ಸಾಲ ಕೊಟ್ಟವರು ನಿಮ್ಮಿಂದಲೇ ಗಾಡಿ ಎಳೆದೊಯ್ಯಬಹುದು. ಮಾರಾಟದ ವೇಳೆ ಡಬ್ಲ್ಯೂಓಎಫ್ (ಗಾಡಿ ರಸ್ತೆಗೆ ಸುರಕ್ಷಿತವೇ ಎಂಬ) ತಪಾಸಣೆ ಒಂದು ತಿಂಗಳೊಳಗಿನದಾಗಿರಬೇಕು. ಈ ನಿಯಮವನ್ನು ಬಿಟ್ಟುಕೊಡುವ 'ಇದ್ದ ಹಾಗೆಯೇ ಒಪ್ಪಿದ್ದೇನೆ' ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಬಾಗಿಲ ಕೆಳಗಿನ ಪಟ್ಟಿಯನ್ನು ಬೆರಳಿಂದ ಒತ್ತಿ ನೋಡಿ. ಬಣ್ಣ ಉಬ್ಬಿದ್ದರೆ ಒಳಗೆ ತುಕ್ಕು ಹಿಡಿದಿರಬಹುದು, ಮುಂದಿನ ತಪಾಸಣೆಯಲ್ಲಿ ಫೇಲ್ ಆಗಬಹುದು. ಡೀಸೆಲ್ ಗಾಡಿಗೆ ರಸ್ತೆ ಶುಲ್ಕವನ್ನು 1,000 ಕಿ.ಮೀ. ಲೆಕ್ಕದಲ್ಲಿ ಮುಂಗಡ ಕಟ್ಟಬೇಕು. ಮುಂದಿನ ಗಾಜಿನ ಮೇಲಿನ ರಸ್ತೆ ಶುಲ್ಕದ ಲೇಬಲ್‌ನ ಅಂಕಿಯನ್ನು ಓಡೋಮೀಟರ್ ದಾಟಿದ್ದರೆ ಬಾಕಿ ನಿಮ್ಮ ತಲೆಗೇ ಬರಬಹುದು.

ಕನ್ನಡಿಗರು ಎಡವುವುದು ವಿಮೆಯಲ್ಲಿ. ಭಾರತದಲ್ಲಿ ಥರ್ಡ್ ಪಾರ್ಟಿ ಕಡ್ಡಾಯ, ಇಲ್ಲಿ ಅಲ್ಲ. ಸರ್ಕಾರದ ಅಪಘಾತ ಪರಿಹಾರ ಸಂಸ್ಥೆ ಎಸಿಸಿ ಗಾಯದ ಚಿಕಿತ್ಸೆಗೆ ನೆರವಾಗುತ್ತದೆ, ಎದುರಿನ ಕಾರಿನ ಬಂಪರ್‌ಗಲ್ಲ. ಅಗ್ಗದ ಕಾರಿಗೂ ಕನಿಷ್ಠ ಥರ್ಡ್ ಪಾರ್ಟಿ ಮಾಡಿಸಲೇಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಪಾಲಿಸಿಯಲ್ಲಿ ಓಡಿಸುವವರೆಲ್ಲರ ಹೆಸರಿರಲಿ. 25 ದಾಟದವರಿಗೆ ಕ್ಲೇಮ್ ಮಾಡುವಾಗ ಕೈಯಿಂದ ಕಟ್ಟುವ ಪಾಲು (ಎಕ್ಸೆಸ್) ಸಾಮಾನ್ಯವಾಗಿ ಹೆಚ್ಚು.