ಡಬ್ಬಿಯೊಳಗೆ ಟಿಕ್ ಟಿಕ್ ಸದ್ದು ಬಂದರೆ ಮೊದಲು ಪವರ್ ತೆಗೆಯಿರಿ

ಮದುವೆ ಫೋಟೊ, ವಿಡಿಯೊ ಕೆಲಸ ಮಾಡುವ ಗೆಳೆಯರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಹನ್ನೊಂದು ಮದುವೆಗಳ ಫೈಲು ಕಳೆದುಕೊಂಡಿದ್ದೇನೆ. ಹಾರ್ಡ್ ಡಿಸ್ಕ್ ಕೆಟ್ಟಿದ್ದು ನಿಜ. ಆದರೆ ಕೆಟ್ಟ ಮೇಲೆ ಎರಡು ದಿನ ನಾವು ಮಾಡಿದ ತಪ್ಪುಗಳಿಂದಲೇ ಜಾಸ್ತಿ ಹೋಯಿತು.

ನಮ್ಮ ಸ್ಟುಡಿಯೋದಲ್ಲಿ ಎರಡು ಡಿಸ್ಕ್ ಕೂರುವ ಎಕ್ಸ್‌ಟರ್ನಲ್ ಡಬ್ಬಿ ಇತ್ತು. ಒಳಗೆ 4 ಟಿಬಿಯ ಎರಡು ಡಿಸ್ಕ್. ಕಂಪ್ಯೂಟರಿನಲ್ಲಿ 8 ಟಿಬಿಯ ಒಂದೇ ಡ್ರೈವ್ ಆಗಿ ಕಾಣುತ್ತಿತ್ತು. "ರೇಡ್ ಇದೆ ಸರ್, ಯೋಚನೆ ಮಾಡಬೇಡಿ" ಎಂದು ಮಾರಿದವರು ಹೇಳಿದ್ದರು. ರೇಡ್ ಎಂದರೆ ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ಡ್ರೈವಿನಂತೆ ಬಳಸುವ ಪದ್ಧತಿ. ಒಂದು ಡಿಸ್ಕ್ ಹೋದರೂ ಇನ್ನೊಂದರಲ್ಲಿ ಇರುತ್ತೆ ಎಂದು ನಾನೂ ನಂಬಿದ್ದೆ. ಡಬ್ಬಿಯ ಹಿಂದೆ ರೇಡಿನ ಬಗೆ ಆರಿಸುವ ಸಣ್ಣದೊಂದು ಸ್ವಿಚ್ ಇತ್ತು. ಅದು ಸೊನ್ನೆಯ ಮೇಲಿತ್ತು. ನಾನು ನೋಡಿರಲಿಲ್ಲ.

ರೇಡ್ 0 ಎಂದರೆ ಫೈಲನ್ನು 64 ಕೆಬಿ, 128 ಕೆಬಿಯಂಥ ಚೂರುಗಳಾಗಿ ಮಾಡಿ, ಒಂದು ಚೂರು ಮೊದಲ ಡಿಸ್ಕಿಗೆ, ಮುಂದಿನದು ಎರಡನೆಯದಕ್ಕೆ, ಮತ್ತೆ ಮೊದಲನೆಯದಕ್ಕೆ ಬರೆಯುತ್ತಾ ಹೋಗುವುದು. ಎರಡೂ ಒಟ್ಟಿಗೆ ಓಡುವುದರಿಂದ ಸ್ಪೀಡ್ ಜಾಸ್ತಿ. ಆದರೆ ಇನ್ನೊಂದು ಕಾಪಿ ಎಲ್ಲೂ ಇರುವುದಿಲ್ಲ. 10 ಎಂಬಿ ಫೋಟೊ ಒಂದಾದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ. ಬರ್ಕ್ಲಿ ವಿಶ್ವವಿದ್ಯಾಲಯದ ಮೂವರು 1988ರಲ್ಲಿ ರೇಡ್ ಬಗ್ಗೆ ಬರೆದ ಲೇಖನದಲ್ಲಿ 1ರಿಂದ 5ರವರೆಗಿನ ಬಗೆಗಳಷ್ಟೇ ಇದ್ದವು. ಸೊನ್ನೆ ಆಮೇಲೆ ಸೇರಿದ್ದು. ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವ ವ್ಯವಸ್ಥೆ ಆ ಐದು ಬಗೆಗಳಲ್ಲೂ ಇತ್ತು. ಸೊನ್ನೆಯಲ್ಲಿ ಅದೇ ಇಲ್ಲ.

ಒಂದು ಸಂಜೆ ಡಬ್ಬಿಯಿಂದ ಟಿಕ್ ಟಿಕ್ ಎಂದು ಸದ್ದು ಬಂತು. ಡ್ರೈವ್ ಕಾಣದಾಯಿತು. ನಾನು ಆಫ್ ಮಾಡಿ ಆನ್ ಮಾಡಿದೆ. ಕೇಬಲ್ ಬದಲಿಸಿದೆ. ಹೀಗೇ ಹತ್ತು ಹನ್ನೆರಡು ಸಲ. ಅಂಥ ಸದ್ದು ಬಂದರೆ ಹೆಚ್ಚಾಗಿ ಓದುವ ಹೆಡ್ ಕೆಟ್ಟಿರುತ್ತದೆ. ಕೆಟ್ಟ ಹೆಡ್ ಡಿಸ್ಕಿನೊಳಗೆ ತಿರುಗುವ, ಡೇಟಾ ಇರುವ ತಟ್ಟೆಗೆ ತಾಗಿದರೆ ಮೇಲಿನ ಪದರವೇ ಕೆರೆದುಹೋಗುತ್ತದೆ. ಅಲ್ಲಿದ್ದುದನ್ನು ಮತ್ತೆ ಯಾರೂ ತರಲಾರರು. ಇದು ಆಗ ನನಗೆ ಗೊತ್ತಿರಲಿಲ್ಲ.

ಮಾರನೇ ದಿನ ಬೆಂಗಳೂರಿನ ಎಸ್‌ಪಿ ರಸ್ತೆಯ ಒಂದು ಅಂಗಡಿಗೆ ಒಯ್ದೆ. ಅವರು ಎರಡೂ ಡಿಸ್ಕ್ ಹೊರತೆಗೆದು ಮೇಜಿನ ಮೇಲಿಟ್ಟರು. ಯಾವುದು ಯಾವ ಸ್ಲಾಟಿನದು ಎಂದು ಗುರುತು ಹಾಕಲಿಲ್ಲ. ಒಂದನ್ನು ಕಂಪ್ಯೂಟರಿಗೆ ಸಿಕ್ಕಿಸಿದಾಗ ವಿಂಡೋಸ್ "ಇನಿಶಿಯಲೈಸ್ ಮಾಡಲೇ?" ಎಂದು ಕೇಳಿತು. ಓಕೆ ಒತ್ತಿದರು. ಅಲ್ಲಿಗೆ ಡಿಸ್ಕಿನ ಮೇಲೆ ಹೊಸದಾಗಿ ಬರೆದಂತಾಯಿತು. ಆಮೇಲೆ ಸದ್ದು ಮಾಡುತ್ತಿದ್ದ ಡಿಸ್ಕಿನ ಮೇಲೆಯೇ ಇಡೀ ರಾತ್ರಿ ರಿಕವರಿ ಸಾಫ್ಟ್‌ವೇರ್ ಓಡಿಸಿದರು.

ಬೆಳಿಗ್ಗೆ ಸ್ಕ್ರೀನಿನ ತುಂಬಾ ಪುಟ್ಟ ಪುಟ್ಟ ಫೋಟೊ. "ಎಲ್ಲಾ ಬಂದಿದೆ ಸರ್" ಎಂದರು. ಸಂತೋಷದಲ್ಲಿ ದುಡ್ಡು ಕೊಟ್ಟು ಬಂದೆ. ಸ್ಟುಡಿಯೋದಲ್ಲಿ ತೆರೆದರೆ ಮೇಲೆ ಒಂದು ಪಟ್ಟಿ ಫೋಟೊ, ಕೆಳಗೆಲ್ಲಾ ಬರೀ ಬೂದು ಬಣ್ಣ. ಕ್ಯಾಮೆರಾ ಪ್ರತಿ ಜೆಪೆಗ್ ಫೈಲಿನ ಶುರುವಿನಲ್ಲೇ ಒಂದು ಪುಟ್ಟ ಚಿತ್ರ ಇಡುತ್ತದೆ. ಅದು ಹೆಚ್ಚಾಗಿ ಮೊದಲ ಚೂರಿನಲ್ಲೇ ಮುಗಿಯುವುದರಿಂದ ಸರಿಯಾಗಿ ಕಾಣುತ್ತದೆ. ದೊಡ್ಡ ಫೋಟೊದ ಮುಂದಿನ ಚೂರು ಇರುವುದು ಇನ್ನೊಂದು ಡಿಸ್ಕಿನಲ್ಲಿ. ಹಾಗಾಗಿ ಪುಟ್ಟ ಚಿತ್ರ ನೋಡಿ ದುಡ್ಡು ಕೊಡಬೇಡಿ. ದೊಡ್ಡ ಫೋಟೊ ತೆರೆಸಿ. ಅರ್ಧ ಗಂಟೆಯ ವಿಡಿಯೊ ಒಂದನ್ನು ಕೊನೆಯವರೆಗೂ ಓಡಿಸಿ ನೋಡಿ.

ಕೊನೆಗೆ ಒಂದು ಡೇಟಾ ರಿಕವರಿ ಲ್ಯಾಬಿಗೆ ಹೋದೆ. ಅಲ್ಲಿಯ ಹುಡುಗಿ ಸಮಾಧಾನವಾಗಿ ಎಲ್ಲಾ ಬಿಡಿಸಿ ಹೇಳಿದರು. ಮೊದಲು ಎರಡೂ ಡಿಸ್ಕಿನ ಪೂರ್ತಿ ನಕಲು ಬೇರೆ ಬೇರೆಯಾಗಿ ತೆಗೆಯಬೇಕಂತೆ. ಅದಕ್ಕೆ ಡಿಡಿ-ರೆಸ್ಕ್ಯೂ ಎಂಬ ಉಚಿತ ಸಾಫ್ಟ್‌ವೇರ್ ಕೂಡ ಇದೆ. ಸಲೀಸಾಗಿ ಓದಲು ಬರುವ ಜಾಗ ಮೊದಲು ಓದಿ, ಕೆಟ್ಟ ಜಾಗಗಳನ್ನು ಕೊನೆಗೆ ಓದಲು ನೋಡುತ್ತದೆ. 4 ಟಿಬಿಯ ಚೆನ್ನಾಗಿರುವ ಡಿಸ್ಕಿಗೇ ಏಳೆಂಟು ಗಂಟೆ ಹಿಡಿಯುತ್ತದೆ. ಆಮೇಲೆ ಯಾವ ಡಿಸ್ಕ್ ಮೊದಲು, ಚೂರಿನ ಅಳತೆ ಎಷ್ಟು, ಎಲ್ಲಿಂದ ಶುರು ಎಂದು ನಕಲಿನ ಮೇಲೆ ಹುಡುಕಬೇಕು. ತಪ್ಪಾದರೆ ಮತ್ತೆ ಜೋಡಿಸಬಹುದು, ಮೂಲಕ್ಕೆ ಏನೂ ಆಗದು. ಆದರೆ ಟಿಕ್ ಟಿಕ್ ಎನ್ನುವ ಡಿಸ್ಕಿಗೆ ಇದನ್ನೂ ಮನೆಯಲ್ಲಿ ಮಾಡಬಾರದು. ಧೂಳಿಲ್ಲದ ಕೋಣೆಯಲ್ಲಿ ತೆರೆದು, ಅದೇ ಮಾಡೆಲ್ ಡಿಸ್ಕಿನ ಹೆಡ್ ಹಾಕಿದ ಮೇಲೆಯೇ ಓದಬೇಕು. ನನ್ನದನ್ನು ತೆರೆದಾಗ ತಟ್ಟೆಯ ಮೇಲೆ ಉಂಗುರದ ಹಾಗೆ ಗೀರು ಬಿದ್ದಿತ್ತು. "ಮೊದಲ ದಿನವೇ ಬಂದಿದ್ದರೆ ಪ್ರಯತ್ನ ಮಾಡಬಹುದಿತ್ತು ಸರ್" ಎಂದರು.

ಸದ್ದೇ ಇಲ್ಲದೆ ಡ್ರೈವ್ ಕಾಣದಾದರೆ ಅಷ್ಟು ಹೆದರಬೇಡಿ. ಕೆಲವು ಸಲ ಡಬ್ಬಿಯ ಬೋರ್ಡ್ ಮಾತ್ರ ಸುಟ್ಟಿರುತ್ತದೆ, ಡಿಸ್ಕ್ ಎರಡೂ ಚೆನ್ನಾಗಿರುತ್ತವೆ. ಆಗಲೂ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ.

ಕ್ಯಾಮೆರಾ ಕಾರ್ಡ್‌ಗಳನ್ನು ಮುಂದಿನ ಮದುವೆಗೆಂದು ಫಾರ್ಮ್ಯಾಟ್ ಮಾಡಿಬಿಟ್ಟಿದ್ದೆ. ಆಲ್ಬಂ ಡಿಸೈನ್ ಮಾಡುವವರ ಹತ್ತಿರ ಏಳು ಮದುವೆಗಳ ಆರಿಸಿದ ಫೋಟೊ ಉಳಿದಿದ್ದವು. ಅವನ್ನೇ ಹಿಡಿದು ಒಬ್ಬೊಬ್ಬರ ಮನೆಗೂ ಹೋದೆ. ಒಂದು ಮನೆಯಲ್ಲಿ ಮದುಮಗಳ ತಂದೆ ಬಹಳ ಹೊತ್ತು ಸುಮ್ಮನಿದ್ದು, "ಧಾರೆ ಹೊತ್ತಲ್ಲಿ ನಮ್ಮಮ್ಮ ಹಾಡಿದ್ರಲ್ಲ, ಅದೂ ಇಲ್ವಾ?" ಎಂದರು. ಅವರ ಅಮ್ಮ ಈಗ ಇಲ್ಲ.

ನಿಮ್ಮ ಡಬ್ಬಿಯ ಹಿಂದೆ ಇವತ್ತೇ ನೋಡಿ. ಸೊನ್ನೆ ಇದ್ದರೆ ಸ್ವಿಚ್ಚನ್ನು ಹಾಗೇ 1ಕ್ಕೆ (ಅದೇ ಡೇಟಾವನ್ನು ಎರಡೂ ಡಿಸ್ಕಿನಲ್ಲಿ ಬರೆಯುವ ಬಗೆ) ತಿರುಗಿಸಬೇಡಿ. ಎಷ್ಟೋ ಡಬ್ಬಿಗಳಲ್ಲಿ ಹಾಗೆ ಬದಲಿಸಿದರೆ ಇರುವುದೆಲ್ಲಾ ಅಳಿಸಿಹೋಗುತ್ತದೆ. ಮೊದಲು ಬೇರೆ ಡಿಸ್ಕಿಗೆ ಕಾಪಿ ಮಾಡಿ, ನಾಲ್ಕು ಫೈಲು ತೆರೆದು ನೋಡಿ, ಆಮೇಲೆ ಸ್ವಿಚ್ ಮುಟ್ಟಿ.